ಮನೆಗೊಂದು ಹಣ: ಮನೆದೆರೆಯ ಚರಿತ್ರೆಯೂ ಶ್ರಾವಕಧರ್ಮವೂ

ಕಡೂರು ತಾಲ್ಲೂಕಿನ ದೇವನೂರು ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶ ಕವಿ ಮತ್ತು ಅವನ ಇಷ್ಟದೈವವಾದ ಲಕ್ಷ್ಮೀರಮಣನ ಗುಡಿ. ಕವಿಯ ಊರೆಂಬ ಹೆಮ್ಮೆ ದೇವನೂರಿಗೆ ಉಂಟು. ಆದರೆ ಊರೆಂದ ಮೇಲೆ ಗುಡಿಯ ಸುತ್ತ ಮನೆಗಳಿರುತ್ತವೆ, ಮನೆಗಳಿದ್ದ ಮೇಲೆ ಮನೆಗಂದಾಯವೂ ಇರುತ್ತದೆ. ವರ್ಷಕ್ಕೊಮ್ಮೆ ಪಂಚಾಯಿತಿಯ ಕರವಸೂಲಿಗಾರನು ರಸೀತಿ ಪುಸ್ತಕ ಹಿಡಿದು ಬಾಗಿಲಿಗೆ ಬರುವನು. ಮನೆಯೊಡೆಯನು ಕೊಡುವನು, ಇಲ್ಲವೆ ಮುಂದಿನ ತಿಂಗಳು ಬರಹೇಳುವನು. ಇಷ್ಟರಲ್ಲಿಯೇ ಮುಗಿದುಹೋಗುವ ಈ ವ್ಯವಹಾರಕ್ಕೆ ಸಾವಿರ ವರ್ಷಗಳಿಗೂ ಹಿಂದಿನ ಚರಿತ್ರೆಯುಂಟು. ಆ ಚರಿತ್ರೆಯ ಎರಡು ಮುಖ್ಯ ಘಟ್ಟಗಳಲ್ಲಿ ಜೈನ ಗೃಹಸ್ಥರೇ ಪಾತ್ರಧಾರಿಗಳಾಗಿರುವುದು ಗಮನಿಸತಕ್ಕ ಸಂಗತಿ.

ಇತರ ತೆರಿಗೆಗಳಿಗೂ ಮನೆಗಂದಾಯಕ್ಕೂ ಒಂದು ಭೇದವಿದೆ. ಆದಾಯ ತೆರಿಗೆ ಆದಾಯವಿದ್ದವನ ಮೇಲೆ ಬೀಳುತ್ತದೆ. ಮಾರಾಟದ ತೆರಿಗೆ ವ್ಯಾಪಾರ ನಡೆದಾಗ ಹುಟ್ಟುತ್ತದೆ. ವಾಸದ ಮನೆಯಾದರೋ ಒಡೆಯನಿಗೆ ಒಂದು ಕಾಸನ್ನೂ ದುಡಿದುಕೊಡುವುದಿಲ್ಲ. ಅದು ಮಳೆಬಿಸಿಲುಗಳಿಂದ ಕಾಪಾಡುತ್ತದೆ, ಅಷ್ಟೆ. ಆದರೂ ಅದರ ಮೇಲೆ ಪ್ರತಿವರ್ಷ ತೆರಿಗೆ ಬರುತ್ತದೆ. ಅಡಕೆಗೆ ಬೆಲೆ ಬಂದ ವರ್ಷವೂ ಬರುತ್ತದೆ, ತೆಂಗು ಒಣಗಿದ ವರ್ಷವೂ ಬರುತ್ತದೆ. ಮಕ್ಕಳು ಪಟ್ಟಣ ಸೇರಿ, ಹಿರಿಯರ ಕಾಲದ ತೊಟ್ಟಿಮನೆಯಲ್ಲಿ ಒಬ್ಬಂಟಿಯಾಗಿ ಉಳಿದ ವೃದ್ಧೆಗೂ ಅದು ತಪ್ಪುವುದಿಲ್ಲ. ಆದುದರಿಂದಲೇ ಮನೆಯ ತೆರಿಗೆಯ ದರವನ್ನು ಯಾರು ಗೊತ್ತುಮಾಡುತ್ತಾರೆ, ಯಾವುದಕ್ಕಾಗಿ ಎತ್ತುತ್ತಾರೆ, ಯಾರಿಗೆ ವಿನಾಯಿತಿ ಕೊಡುತ್ತಾರೆ ಎಂಬ ಪ್ರಶ್ನೆಗಳು ಲೆಕ್ಕದ ಪ್ರಶ್ನೆಗಳಾಗಿರುವಂತೆಯೇ ಧರ್ಮದ ಪ್ರಶ್ನೆಗಳೂ ಆಗಿವೆ.

ಮತ್ತಾವರದ ಶಾಸನ

ಕಡೂರಿನ ಸೀಮೆಗೆ ಜೈನಧರ್ಮವು ಹೊಸತಲ್ಲ. ಗಂಗ ರಾಜವಂಶದ ಬೂತುಗನ ಸೋದರಿ ಪಾಂಬಬ್ಬೆಯು ಅರಮನೆಯನ್ನು ತ್ಯಜಿಸಿ, ಕೇಶಲೋಚನ ಮಾಡಿಕೊಂಡು, 30 ವರ್ಷಗಳ ಕಾಲ ತಪಸ್ಸನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸಿ 971ರಲ್ಲಿ ದೇಹವಿಟ್ಟ ಸಂಗತಿಯನ್ನು ಕಡೂರಿನ ಶಾಸನವೊಂದು ತಿಳಿಸುತ್ತದೆ. ಮನೆಯನ್ನೇ ಬಿಟ್ಟವರಿಗೆ ಮನೆದೆರೆಯ ಚಿಂತೆಯಿಲ್ಲ. ಮನೆಯಲ್ಲಿದ್ದುಕೊಂಡೇ ಆ ಐದು ವ್ರತಗಳನ್ನು ಅಣುರೂಪದಲ್ಲಿ ಪಾಲಿಸಬೇಕಾದ ಶ್ರಾವಕರಿಗಾದರೋ ಆ ಚಿಂತೆ ಅಂದೂ ಇದ್ದಿತು, ಇಂದೂ ಇದೆ.

ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಮನೆದೆರೆ, ಮದುವೆದೆರೆ, ಗಾಣದೆರೆ, ಮಗ್ಗದೆರೆ ಮುಂತಾದ ಮಾತುಗಳು ಪರಿಚಿತವಾಗಿವೆ. ಗಾಣ, ಮಗ್ಗಗಳು ದುಡಿಮೆಯ ಸಾಧನಗಳು. ಅವುಗಳ ಸಾಲಿನಲ್ಲಿಯೇ ವಾಸದ ಮನೆಯೂ ನಿಂತಿದೆ. ಭೂಮಿಯ ಕಂದಾಯವನ್ನು ಬೆಳೆ ನೋಡಿ ಎತ್ತಿದರೆ, ಮನೆಯ ತೆರೆಯನ್ನು ಬಾಗಿಲು ಎಣಿಸಿ ಎತ್ತುತ್ತಿದ್ದರು. ಇಂತಹ ತೆರೆಗಳನ್ನು ದೇವಾಲಯಕ್ಕೋ ಬಸದಿಗೋ ಬಿಟ್ಟುಕೊಡುವುದು, ಇಲ್ಲವೆ ಕೆಲವು ಮನೆಗಳ ಮಟ್ಟಿಗೆ ಮನ್ನಾ ಮಾಡುವುದು ಆಳುವವರ ದಾನದ ಒಂದು ಬಗೆಯಾಗಿತ್ತು.

ಚಿಕ್ಕಮಗಳೂರಿನ ಸಮೀಪದ ಮತ್ತಾವರದ ಪಾರ್ಶ್ವನಾಥ ಬಸದಿಯ 1069ರ ಶಾಸನವು ಇದಕ್ಕೊಂದು ಸುಂದರವಾದ ನಿದರ್ಶನ. ಹೊಯ್ಸಳ ವಿನಯಾದಿತ್ಯನು ಮತ್ತಾವರಕ್ಕೆ ಬಂದಾಗ ಬೆಟ್ಟದ ಮೇಲಿದ್ದ ಬಸದಿಗೆ ಹೋಗಿ ದೇವರ ದರ್ಶನ ಪಡೆದನು. ಊರೊಳಗೆ ಬಸದಿಯನ್ನು ಕಟ್ಟದೆ ಊರ ಹೊರಗಿನ ಬೆಟ್ಟದ ಮೇಲೇಕೆ ಕಟ್ಟಿದಿರೆಂದು ಅಲ್ಲಿಯವರನ್ನು ಕೇಳಿದನು. ಆಗ ಮಾಣಿಕಸೆಟ್ಟಿಯೆಂಬುವನು, ತಾವು ಬಡವರೆಂದೂ ದೊರೆಯ ಸಂಪತ್ತಿಗೆ ಮಿತಿಯಿಲ್ಲವೆಂದೂ ಹೇಳಿ, ಊರೊಳಗೆ ಬಸದಿಯನ್ನು ದೊರೆಯೇ ಕಟ್ಟಿಸಿ, ಅದಕ್ಕೆ ದತ್ತಿಯನ್ನೂ ತೆರಿಗೆಯ ಮನ್ನಾವನ್ನೂ ಕರುಣಿಸಬೇಕೆಂದು ಬಿನ್ನವಿಸಿಕೊಂಡನು. ಆ ನೇರವಾದ ಮಾತಿಗೆ ದೊರೆ ನಕ್ಕು ಒಪ್ಪಿದನು. ಊರೊಳಗೆ ಬಸದಿ ಎದ್ದಿತು. ಮಾಣಿಕಸೆಟ್ಟಿಯಿಂದಲೂ ಇತರರಿಂದಲೂ ಅದಕ್ಕೆ ಭೂಮಿ ದೊರೆಯಿತು. ಬಸದಿಯ ಬಳಿಯಲ್ಲಿ ಕೆಲವು ಮನೆಗಳನ್ನು ಕಟ್ಟಿಸಿ, ಆ ನೆಲೆಗೆ ಋಷಿಹಳ್ಳಿಯೆಂದು ಹೆಸರಿಟ್ಟು, ದೊರೆಯು ಅಲ್ಲಿಗೆ ಹಲವು ತೆರೆಗಳನ್ನು ಮನ್ನಾ ಮಾಡಿದನು.

ಈ ಪ್ರಸಂಗವನ್ನು ಸಾಮಾನ್ಯವಾಗಿ ವಿನಯಾದಿತ್ಯನ ಜಿನಭಕ್ತಿಗೆ ಸಾಕ್ಷಿಯೆಂದು ಹೇಳುವುದುಂಟು. ಅದು ಸರಿಯೇ. ಆದರೆ ಮನೆದೆರೆಯ ದೃಷ್ಟಿಯಿಂದ ನೋಡಿದರೆ ಇನ್ನೂ ಮೂರು ವಿಷಯಗಳು ಕಾಣುತ್ತವೆ. ಮೊದಲನೆಯದಾಗಿ, ದೊರೆಯು ಬಿಟ್ಟುಕೊಟ್ಟದ್ದು ತನ್ನ ಬೊಕ್ಕಸಕ್ಕೆ ಬರಬೇಕಾಗಿದ್ದ ಹುಟ್ಟುವಳಿಯನ್ನು. ಆ ನಷ್ಟವನ್ನು ನೆರೆಯ ಮನೆಗಳ ಮೇಲೆ ಹೊರಿಸಿದನೆಂದು ಶಾಸನ ಹೇಳುವುದಿಲ್ಲ. ಎರಡನೆಯದಾಗಿ, ಮನ್ನಾ ದೊರೆತದ್ದು ಜೈನರ ಮನೆಗಳೆಲ್ಲಕ್ಕೂ ಅಲ್ಲ, ಬಸದಿಯ ಬಳಿ ಅದಕ್ಕಾಗಿಯೇ ನೆಲೆಗೊಳಿಸಿದ ಒಂದು ಹಳ್ಳಿಗೆ. ಮೂರನೆಯದಾಗಿ, ತೆರಿಗೆಯ ಮನ್ನಾ ಬೇಕೆಂದು ಕೇಳಿದವರು ತಮ್ಮ ಕೈಯಿಂದ ಭೂಮಿಯನ್ನೂ ಕೊಟ್ಟರು. ಬೇಡಿದವರ ಕೈ ಕೊಡುವುದಕ್ಕೂ ಮುಂದಾಯಿತು. ವಿನಾಯಿತಿಯೆಂಬುದು ಒಂದು ಗೊತ್ತಾದ ಧರ್ಮಕಾರ್ಯಕ್ಕೆ ಕಟ್ಟುಬಿದ್ದ ಉಪಕಾರವೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ.

ಬಾಗಿಲಿಗೊಂದು ಹಣ

ಮತ್ತಾವರದ್ದು ತೆರಿಗೆಯನ್ನು ಬಿಟ್ಟ ಕಥೆಯಾದರೆ, ಅದಾದ 299 ವರ್ಷಗಳ ತರುವಾಯದ ಇನ್ನೊಂದು ಶಾಸನವು ಮನೆಯ ಮೇಲೆ ವಂತಿಗೆಯನ್ನು ಹಾಕಿಕೊಂಡ ಕಥೆಯಾಗಿದೆ. ಅದು ಶ್ರವಣಬೆಳಗೊಳದ ಸುಪ್ರಸಿದ್ಧವಾದ ಬುಕ್ಕರಾಯನ ಶಾಸನ. ಶಕವರ್ಷ 1290, ಅಂದರೆ 1368ನೆಯ ಇಸವಿ. ಇದರ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ಬುಕ್ಕರಾಯನಲ್ಲಿ ದೂರಿಕೊಂಡರು. ಅರಸನು ಉಭಯ ಪಕ್ಷದವರನ್ನೂ ಕರೆಸಿ, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಸಂಧಾನ ಮಾಡಿಸಿದನು. ಜೈನರಿಗೆ ಮೊದಲಿನಿಂದ ಸಲ್ಲುತ್ತಿದ್ದ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆಗಳು ಉಳಿದುವು. ಈ ಭಾಗ ಎಲ್ಲರಿಗೂ ತಿಳಿದದ್ದೇ. ಆದರೆ ಶಾಸನದ ಮುಂದಿನ ಭಾಗದ ಕಡೆಗೆ ಗಮನ ಹರಿಸಿದವರು ಕಡಿಮೆ. ಬೆಳಗೊಳದ ದೇವರ ರಕ್ಷಣೆಗಾಗಿ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಅದಕ್ಕಾಗಿ ರಾಜ್ಯದ ಜೈನರು ಮನೆಮನೆಗೆ, ಬಾಗಿಲ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ತಿರುಮಲೆಯ ತಾತಯ್ಯನು ಭವ್ಯಜನರ ಒಪ್ಪಿಗೆಯಂತೆ ಅದನ್ನೆತ್ತಿ ಕಾವಲನ್ನು ನಡೆಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬುದೇ ಆ ಏರ್ಪಾಡು. ಈ ಕಟ್ಟಳೆಯನ್ನು ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಶಾಸನ ಎಚ್ಚರಿಸುತ್ತದೆ. ಈ ಕಾರ್ಯದಲ್ಲಿ ಶ್ರಮಿಸಿದ ಕಲ್ಲೆಹದ ಬುಸುವಿಸೆಟ್ಟಿಗೆ ಉಭಯ ಸಮಯದವರೂ ಕೂಡಿ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.

ಒಂದು ಹಣವೆಂದರೆ ಅಂದಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ವರಹದ ಹತ್ತನೆಯ ಒಂದು ಭಾಗ. ಮೊತ್ತಕ್ಕಿಂತ ಅದರ ವ್ಯವಸ್ಥೆ ಮುಖ್ಯ. ಎಷ್ಟು ಕೊಡಬೇಕೆಂಬುದು ಖಚಿತ. ಯಾವುದಕ್ಕೆ ಕೊಡಬೇಕೆಂಬುದು ಖಚಿತ. ಮಿಕ್ಕರೆ ಏನು ಮಾಡಬೇಕೆಂಬುದೂ ಖಚಿತ. ಕೊಡುವವರ ಒಪ್ಪಿಗೆಯ ಮಾತು ಶಾಸನದಲ್ಲಿಯೇ ಬಂದಿದೆ. ವಸೂಲಿಯ ಹೊಣೆ ಹೊತ್ತವನು ಬೇರೆ ಸಮಯದವನು. ಆದರೂ, ಬಹುಶಃ ಆದುದರಿಂದಲೇ, ಹಣದ ವಿನಿಯೋಗವನ್ನು ಕಲ್ಲಿನಲ್ಲಿ ಕೊರೆದು ಎಲ್ಲರೂ ಓದುವಂತೆ ನಿಲ್ಲಿಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ತೆರಿಗೆಯೂ ಹೌದು, ಅದರ ಆಯವ್ಯಯ ಪತ್ರವೂ ಹೌದು.

ಇದರಲ್ಲಿ ಕೊರತೆಯಿಲ್ಲವೆಂದು ಹೇಳಲಾಗದು. ಮನೆಗೊಂದು ಹಣವೆಂದರೆ ಅಂತಸ್ತಿನ ಮನೆಯ ವರ್ತಕನಿಗೂ ಒಂದು ಹಣ, ಗುಡಿಸಲಿನ ಕೂಲಿಯವನಿಗೂ ಒಂದು ಹಣ. ವರ್ತಕನಿಗೆ ಅದು ಒಂದು ಹೊತ್ತಿನ ವ್ಯಾಪಾರದ ಲಾಭವಾದರೆ ಬಡವನಿಗೆ ಹಲವು ದಿನಗಳ ಅನ್ನ. ಸಮನಾದ ದರವು ಎಲ್ಲರ ಮೇಲೂ ಸಮನಾದ ಭಾರವಾಗುವುದಿಲ್ಲ. ಹಾಗಿದ್ದರೂ ಅದಕ್ಕೊಂದು ಗುಣವಿತ್ತು. ಬಾಗಿಲನ್ನು ಎಣಿಸುವುದರಲ್ಲಿ ಅಧಿಕಾರಿಯ ಇಚ್ಛೆಗೆ ಎಡೆಯಿರಲಿಲ್ಲ. ಅವನು ಮುನಿದನೆಂದು ತೆರಿಗೆ ಏರುತ್ತಿರಲಿಲ್ಲ, ಒಲಿದನೆಂದು ಇಳಿಯುತ್ತಿರಲಿಲ್ಲ.

ಗೊತ್ತುಗುರಿಯಿಲ್ಲದ ತೆರಿಗೆಗಳು

ಅಧಿಕಾರಿಯ ಇಚ್ಛೆಗೆ ಎಡೆ ದೊರೆತರೆ ಏನಾಗುವುದೆಂಬುದಕ್ಕೆ ಮುಂದಿನ ಶತಮಾನಗಳ ಚರಿತ್ರೆಯೇ ಸಾಕ್ಷಿ. ಮೈಸೂರು ಸೀಮೆಯಲ್ಲಿ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲಿನ ತೆರಿಗೆಗಳನ್ನು ಒಟ್ಟಾಗಿ ಮೊಹತರ್ಫಾ ಎಂದು ಕರೆಯುತ್ತಿದ್ದರು. ಇವುಗಳ ಜೊತೆಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಪಾಳೆಯಗಾರನು ತನಗೆ ತೋರಿದಂತೆ ಹಾಕಿದ್ದ ಚಿಲ್ಲರೆ ತೆರಿಗೆಗಳು ಬೆಳೆದುಕೊಂಡಿದ್ದುವು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ, ಅಂದರೆ 1834ರಿಂದ 1861ರವರೆಗಿನ ಅವಧಿಯಲ್ಲಿ, ಇಂತಹ 769 ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದರೆಂದು ದಾಖಲೆಯಿದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಮಗುವಿಗೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಹಳ್ಳಿಯವರು ತಲೆತಲಾಂತರದಿಂದ ತೆರಿಗೆ ಕೊಡುತ್ತಿದ್ದರಂತೆ. ನಗರದ ಸೀಮೆಯಲ್ಲಿ ಒಂದು ಸ್ಥಳವನ್ನು ದಾಟುವಾಗ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದವನಿಗೂ ತೆರಿಗೆಯಿತ್ತಂತೆ.

ಇವುಗಳನ್ನು ಓದಿದರೆ ನಗು ಬರುವುದು ಸಹಜ. ಆದರೆ ಕೊಡುತ್ತಿದ್ದವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಕುದುರೆ ಸತ್ತು ತಲೆಮಾರುಗಳೇ ಕಳೆದಿದ್ದರೂ ತೆರಿಗೆ ಸಾಯಲಿಲ್ಲ. ಏಕೆಂದರೆ ಯಾವುದಕ್ಕಾಗಿ ಎತ್ತುತ್ತಿದ್ದಾರೆಂದು ಕೇಳುವವರಿರಲಿಲ್ಲ. 10ನೆಯ ಶತಮಾನದಲ್ಲಿಯೇ ಸೋಮದೇವಸೂರಿಗಳು ತಮ್ಮ ನೀತಿವಾಕ್ಯಾಮೃತದಲ್ಲಿ, ಪ್ರಜೆಗಳನ್ನು ಪೀಡಿಸಿ ಬೊಕ್ಕಸ ತುಂಬುವ ಅರಸನು ತನ್ನ ಕೇಡನ್ನೇ ತಂದುಕೊಳ್ಳುವನೆಂಬ ಎಚ್ಚರವನ್ನು ಕೊಟ್ಟಿದ್ದರು. ಆ ಎಚ್ಚರದ ಮಾತು ಪಾಳೆಯಗಾರರ ಕಿವಿಗೆ ಬಿದ್ದಂತೆ ತೋರುವುದಿಲ್ಲ.

ಸ್ವರಾಜ್ಯದ ಮನೆಗಂದಾಯ

ಸ್ವಾತಂತ್ರ್ಯಾನಂತರ ಮನೆಯ ತೆರಿಗೆಯು ಅರಸನ ಕೈಬಿಟ್ಟು ಊರಿನ ಕೈಗೆ ಬಂದಿತು. 1959ರ ಗ್ರಾಮ ಪಂಚಾಯಿತಿಗಳ ಕಾಯಿದೆ, 1964ರ ಪುರಸಭೆಗಳ ಕಾಯಿದೆ, 73ನೆಯ ಸಂವಿಧಾನ ತಿದ್ದುಪಡಿಯ ತರುವಾಯ ಬಂದ 1993ರ ಪಂಚಾಯತ್ ರಾಜ್ ಕಾಯಿದೆ, ಇವು ಈ ದಾರಿಯ ಮೈಲಿಗಲ್ಲುಗಳು. ಇಂದು ದೇವನೂರಿನಂತಹ ಹಳ್ಳಿಯಲ್ಲಿ ಮನೆಗಂದಾಯವು ಗ್ರಾಮ ಪಂಚಾಯಿತಿಗೆ ಸಲ್ಲುತ್ತದೆ. ಕಡೂರು, ತರೀಕೆರೆಗಳಂತಹ ಪಟ್ಟಣಗಳಲ್ಲಿ ಪುರಸಭೆಗೆ ಸಲ್ಲುತ್ತದೆ. ಕುಡಿಯುವ ನೀರು, ಬೀದಿಯ ದೀಪ, ಚರಂಡಿ, ಕಸ ಇವುಗಳ ವೆಚ್ಚಕ್ಕೆ ಊರು ತಾನೇ ಎತ್ತಿಕೊಳ್ಳಬಲ್ಲ ಹಣದಲ್ಲಿ ಮುಖ್ಯವಾದುದು ಇದೇ.

ಪಟ್ಟಣಗಳಲ್ಲಿ ಬಹುಕಾಲ ಬಾಡಿಗೆಯ ಮೌಲ್ಯವೇ ತೆರಿಗೆಯ ಆಧಾರವಾಗಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ವರ್ಷಕ್ಕೆಷ್ಟು ಬರುತ್ತಿತ್ತೆಂದು ಅಧಿಕಾರಿ ಊಹಿಸಿ, ಅದರ ಮೇಲೆ ತೆರಿಗೆ ಹಾಕುತ್ತಿದ್ದನು. ತಾನೇ ವಾಸವಾಗಿದ್ದವನಿಗೆ ಬಾರದ ಬಾಡಿಗೆಯ ಮೇಲೆ ತೆರಿಗೆ ಬಿತ್ತು. ಒಂದೇ ಬೀದಿಯ ಎರಡು ಒಂದೇ ಬಗೆಯ ಮನೆಗಳಿಗೆ ಎರಡು ಬಗೆಯ ಅಂದಾಜುಗಳಾದುವು. ಇದನ್ನು ಸರಿಪಡಿಸಲು ರಾಜ್ಯದ ಪುರಸಭೆಗಳಲ್ಲಿ 2002ರಿಂದ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ಅದರಲ್ಲಿ ಸರ್ಕಾರದ ಮಾರ್ಗಸೂಚಿ ಬೆಲೆಯೇ ಮೂಲ. ನಿವೇಶನ ಮತ್ತು ಕಟ್ಟಡದ ಅಳತೆಯನ್ನು ಮನೆಯೊಡೆಯನೇ ಬರೆದು, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು, ತೆರಿಗೆಯನ್ನು ತಾನೇ ಲೆಕ್ಕ ಹಾಕಿ ಕಟ್ಟಬೇಕು. ವರ್ಷದ ಆರಂಭದಲ್ಲಿಯೇ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿಯುಂಟು. ಹಳ್ಳಿಗಳಲ್ಲಿಯೂ 2013ರಿಂದ ಇ-ಸ್ವತ್ತು ಬಂದು ಮನೆ ನಿವೇಶನಗಳ ದಾಖಲೆಗಳು ಗಣಕಯಂತ್ರಕ್ಕೆ ಸೇರುತ್ತಿವೆ.

ಈ ಪದ್ಧತಿಯಿಂದ ಅಧಿಕಾರಿಯ ಇಚ್ಛೆಗಿದ್ದ ಎಡೆ ಕಡಿಮೆಯಾಯಿತು. ಆದರೆ ಹೊಸದೊಂದು ಕಷ್ಟವೂ ಹುಟ್ಟಿತು. ಉದಾಹರಣೆಗೆ, ಒಂದು ಮನೆಯ ತೆರಿಗೆಗೊಳಪಡುವ ಮೌಲ್ಯ 10 ಲಕ್ಷ ರೂಪಾಯಿ, ತೆರಿಗೆಯ ದರ ಶೇಕಡಾ 0.5 ಎಂದು ಇಟ್ಟುಕೊಂಡರೆ ವರ್ಷಕ್ಕೆ 5,000 ರೂಪಾಯಿ ಆಗುತ್ತದೆ. ಮನೆಯ ಮುಂದಿನ ರಸ್ತೆ ಅಗಲವಾಗಿ, ಸುತ್ತಲಿನ ನಿವೇಶನಗಳಿಗೆ ಬೆಲೆ ಬಂದು, ಆ ಮೌಲ್ಯ 15 ಲಕ್ಷಕ್ಕೆ ಏರಿದರೆ, ದರ ಅಷ್ಟೇ ಇದ್ದರೂ ತೆರಿಗೆ 7,500 ರೂಪಾಯಿಗೆ ಏರುತ್ತದೆ. ಮನೆಯನ್ನು ಮಾರುವವನಿಗೆ ಇದು ಸಂತೋಷದ ಸುದ್ದಿ; ಅದರಲ್ಲಿಯೇ ಬದುಕಿ ಅದರಲ್ಲಿಯೇ ಕಣ್ಣುಮುಚ್ಚಬೇಕೆಂದಿರುವ ನಿವೃತ್ತ ಶಿಕ್ಷಕನಿಗೆ ಅವನ ಪಿಂಚಣಿ ಏರದೆ ಖರ್ಚು ಮಾತ್ರ ಏರಿದಂತೆ. ತೆರಿಗೆಯ ದರವನ್ನು ನಿಶ್ಚಯಿಸುವ ಸದಸ್ಯರು ಈ ಎರಡನೆಯವನನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಈ ತೆರಿಗೆಯ ಜೊತೆಗೆ ಉಪಕರಗಳೂ ಸೇರಿರುತ್ತವೆ: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಗ್ರಂಥಾಲಯ ಕರವು ತೆರಿಗೆಯ ಶೇಕಡಾ 6, ಭಿಕ್ಷುಕರ ಕರವು ಶೇಕಡಾ 3. ಶ್ರಾವಕರಿಗೆ ವಿಹಿತವಾದ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಬಲ್ಲವರಿಗೆ ಈ ಸಾಲು ಅಪರಿಚಿತವೆನಿಸದು. ರೋಗಿಗೆ ಮದ್ದು, ಓದುವವನಿಗೆ ಪುಸ್ತಕ, ನಿರ್ಗತಿಕನಿಗೆ ಅನ್ನ ಮತ್ತು ಆಸರೆ ಇವೇ ಅಲ್ಲಿಯೂ ಉದ್ದೇಶ. ದಾನವು ಸ್ವಇಚ್ಛೆಯಿಂದ ಕೊಡುವುದು, ತೆರಿಗೆಯು ಕಟ್ಟಳೆಯಿಂದ ಕೊಡುವುದು. ಒಂದರ ಪುಣ್ಯವನ್ನು ಇನ್ನೊಂದಕ್ಕೆ ಆರೋಪಿಸಬೇಕಾಗಿಲ್ಲ. ಆದರೂ ಎರಡೂ ಹೋಗಿ ಮುಟ್ಟಬೇಕಾದ ಕೈ ಒಂದೇ.

ತೆರಿಗೆಯೂ ಶುಲ್ಕವೂ

ನಮ್ಮ ಬೀದಿಗೆ ದೀಪವಿಲ್ಲ, ಆದುದರಿಂದ ಮನೆಗಂದಾಯ ಕೊಡುವುದಿಲ್ಲ ಎಂದು ವಾದಿಸುವವರುಂಟು. ಇಲ್ಲಿ ಒಂದು ಸೂಕ್ಷ್ಮವಿದೆ. 1954ರ ಮಾರ್ಚ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಮೊಕದ್ದಮೆಗಳಲ್ಲಿ ಈ ಸೂಕ್ಷ್ಮವನ್ನು ಬಿಡಿಸಿತು. ಒಂದು, ಉಡುಪಿಯ ಶಿರೂರು ಮಠದ್ದು. ಇನ್ನೊಂದು, ಮುಂಬಯಿ ಪ್ರಾಂತ್ಯದ ಜೈನ ದೇವಾಲಯವೊಂದರ ವ್ಯವಸ್ಥಾಪಕರು ಹೂಡಿದ ರತಿಲಾಲ್ ಪಾನಾಚಂದ್ ಗಾಂಧಿ ಮೊಕದ್ದಮೆ. ಧಾರ್ಮಿಕ ಸಂಸ್ಥೆಗಳಿಂದ ಸರ್ಕಾರ ಎತ್ತುವ ವಂತಿಗೆಯು ಸರ್ಕಾರದ ಸಾಮಾನ್ಯ ನಿಧಿಯಲ್ಲಿ ಬೆರೆತುಹೋದರೆ ಅದು ತೆರಿಗೆ. ಆ ಸಂಸ್ಥೆಗಳ ಕೆಲಸಕ್ಕೇ ಮೀಸಲಾದ ಪ್ರತ್ಯೇಕ ನಿಧಿಯಲ್ಲಿ ನಿಂತರೆ ಅದು ಶುಲ್ಕ. ಮೊದಲನೆಯ ಮೊಕದ್ದಮೆಯಲ್ಲಿನ ವಂತಿಗೆ ತೆರಿಗೆಯೆಂದೂ ಎರಡನೆಯದರಲ್ಲಿನದು ಶುಲ್ಕವೆಂದೂ ತೀರ್ಮಾನವಾಯಿತು. ಹಣವು ಎಲ್ಲಿಗೆ ಹೋಗುತ್ತದೆಂಬುದರ ಮೇಲೆ ಅದರ ಸ್ವರೂಪವೇ ನಿಲ್ಲುತ್ತದೆಂಬುದು ಇದರ ಸಾರ.

ಈ ಅಳತೆಗೋಲಿನಂತೆ 1368ರ ಹಣವು ಶುಲ್ಕಕ್ಕೆ ಸಮೀಪವಾದುದು; ಇಂದಿನ ಮನೆಗಂದಾಯವು ನಿಸ್ಸಂದೇಹವಾಗಿ ತೆರಿಗೆ. ತೆರಿಗೆಯನ್ನು ತನ್ನ ಬಾಗಿಲ ಮುಂದಿನ ದೀಪದ ಬೆಲೆಯೆಂದು ಎಣಿಸಲಾಗದು; ಅದು ಇಡೀ ಊರಿನ ಸಾಮಾನ್ಯ ಬಾಳಿಗೆ ಸಲ್ಲುವ ಪಾಲು. ದೀಪವಿಲ್ಲದಿದ್ದರೆ ದೀಪವನ್ನು ಕೇಳುವ ಹಕ್ಕು ಪೂರ್ಣವಾಗಿದೆ. ಪಾಲನ್ನು ತಡೆಹಿಡಿಯುವ ಹಕ್ಕಿಲ್ಲ.

ಬಸದಿಯ ವಿನಾಯಿತಿ

ಈಗ ದೇವಾಲಯಗಳ, ಬಸದಿಗಳ ವಿಷಯ. 1976ರ ಕರ್ನಾಟಕ ನಗರಪಾಲಿಕೆಗಳ ಕಾಯಿದೆಯು ಸಾರ್ವಜನಿಕ ಪೂಜೆಗೆ ಮೀಸಲಾಗಿ ಅದಕ್ಕೇ ಬಳಕೆಯಲ್ಲಿರುವ ಸ್ಥಳಗಳಿಗೂ, ಬಾಡಿಗೆ ಪಡೆಯದ ಛತ್ರಗಳಿಗೂ ಆಸ್ತಿ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ವಿನಾಯಿತಿಯು ಕಟ್ಟಡದ ಬಳಕೆಯನ್ನು ಅನುಸರಿಸುತ್ತದೆಯೇ ಹೊರತು ಒಡೆತನವನ್ನಲ್ಲ. ಬಸದಿಯ ಗರ್ಭಗೃಹ, ನವರಂಗ, ಪ್ರಾಕಾರಗಳು ಒಂದು ಬಗೆ. ಅದೇ ಟ್ರಸ್ಟಿಗೆ ಸೇರಿದ, ಬೀದಿಗೆ ಮುಖ ಮಾಡಿದ ಬಾಡಿಗೆಯ ಅಂಗಡಿಗಳೂ ದಿನಬಾಡಿಗೆಯ ಕಲ್ಯಾಣಮಂಟಪವೂ ಇನ್ನೊಂದು ಬಗೆ.

ಈ ಎರಡನೆಯ ಬಗೆಯ ಆಸ್ತಿ ಬಸದಿಗಳಿಗೆ ಬಂದುದಕ್ಕೂ ಚರಿತ್ರೆಯ ಕಾರಣವುಂಟು. ಅರಸರೂ ಸೆಟ್ಟಿಗಳೂ ಬಿಟ್ಟಿದ್ದ ದತ್ತಿಯ ಭೂಮಿಗಳೇ ಪೂಜೆಗೆ ಆಧಾರವಾಗಿದ್ದುವು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆಯಿಂದಲೂ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದಲೂ ಆ ಭೂಮಿಗಳಲ್ಲಿ ಹೆಚ್ಚಿನವು ಉಳುವವರ ಕೈ ಸೇರಿದುವು. ಅದು ಉಳುವವನಿಗೆ ಸಂದ ನ್ಯಾಯ. ಆದರೆ ಬಸದಿಯ ನಿತ್ಯಪೂಜೆಯ ಖರ್ಚು ನಿಲ್ಲಲಿಲ್ಲ. ಅಂಗಡಿಯ ಮಳಿಗೆ ಕಟ್ಟುವುದು, ಕೊಠಡಿಗಳನ್ನು ಬಾಡಿಗೆಗೆ ಕೊಡುವುದು ಹಲವು ಟ್ರಸ್ಟುಗಳಿಗೆ ಅನಿವಾರ್ಯವಾಯಿತು. ಬಾಡಿಗೆಯ ಹಣ ದೇವರ ಎಣ್ಣೆಬತ್ತಿಗೇ ಹೋಗುವಾಗ ಅದಕ್ಕೆ ತೆರಿಗೆಯೇಕೆಂದು ಧರ್ಮದರ್ಶಿಗಳು ಕೇಳುವುದು ಸಹಜ.

ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಬಾರದು. ಆದರೆ ಉತ್ತರವನ್ನು ನೆರೆಯ ಮನೆಯ ಬಾಗಿಲಲ್ಲಿ ನಿಂತು ಹುಡುಕಬೇಕು. 200 ಕಟ್ಟಡಗಳುಳ್ಳ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಬಹುದು. ನೀರು ದೀಪಗಳಿಗಾಗಿ ಮನೆಗಂದಾಯದಿಂದ ವರ್ಷಕ್ಕೆ 1,00,000 ರೂಪಾಯಿ ಕೂಡಬೇಕಾಗಿದ್ದರೆ ಸರಾಸರಿ ಒಂದಕ್ಕೆ 500 ರೂಪಾಯಿ. ಇವುಗಳಲ್ಲಿ 40 ಕಟ್ಟಡಗಳು ಒಂದಲ್ಲ ಒಂದು ನೆಪದಿಂದ ಹೊರಗುಳಿದರೆ ಉಳಿದ 160ರ ಮೇಲೆ ತಲಾ 625 ರೂಪಾಯಿ ಬೀಳುತ್ತದೆ, ಇಲ್ಲವೆ ಕೊಳವೆಯಲ್ಲಿ ನೀರು ನಿಲ್ಲುತ್ತದೆ. ಮತ್ತಾವರದಲ್ಲಿ ವಿನಯಾದಿತ್ಯನು ತನ್ನ ಬೊಕ್ಕಸದಿಂದ ಬಿಟ್ಟನು. ಪಂಚಾಯಿತಿಗೆ ಹಾಗೆ ಬಿಡಲು ಬೇರೆಯ ಬೊಕ್ಕಸವಿಲ್ಲ. ನೆರೆಹೊರೆಯವರ ಕೈಚೀಲವೇ ಅದರ ಬೊಕ್ಕಸ. ಸಲ್ಲದ ವಿನಾಯಿತಿಯನ್ನು ಪಡೆದು ಹಚ್ಚಿದ ನಂದಾದೀಪಕ್ಕೆ, ಪಕ್ಕದ ಬೀದಿಯ ಬಡವನೊಬ್ಬನು ತನಗರಿಯದೆ ಎಣ್ಣೆ ಹೊಯ್ದಂತಾಗುತ್ತದೆ. ಅವನ ಅರಿವಿಲ್ಲದೆ ಅವನಿಂದ ಪಡೆದದ್ದನ್ನು ಜಿನಶಾಸನವು ದಾನವೆಂದು ಕರೆಯುವುದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ಅದು ಇಟ್ಟಿರುವ ಹೆಸರು ಬೇರೆ.

ಅಸ್ತೇಯ ಮತ್ತು ಪರಿಮಾಣ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕಳ್ಳಮಾಲು, ಸುಳ್ಳು ತೂಕ, ಕಲಬೆರಕೆಗಳ ಜೊತೆಗೆ ವಿರುದ್ಧರಾಜ್ಯಾತಿಕ್ರಮವೆಂಬುದನ್ನೂ ಸೇರಿಸಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಸ್ಥಾನದಲ್ಲಿ ವಿಲೋಪವೆಂಬ ಮಾತನ್ನು ಬಳಸಿದ್ದಾರೆ. ರಾಜ್ಯದ ನ್ಯಾಯವಾದ ಕಟ್ಟಳೆಯನ್ನು ದಾಟಿ ಲಾಭ ಪಡೆಯುವುದು ಇದರ ಹುರುಳು. ತೆರಿಗೆಯ ವಂಚನೆಯನ್ನೂ ಇದರಲ್ಲಿ ಆಧುನಿಕ ವ್ಯಾಖ್ಯಾನಕಾರರು ಸೇರಿಸುತ್ತಾರೆ. ಪೂರ್ವಾಚಾರ್ಯರು ಇದನ್ನು ಅತಿಚಾರವೆಂದು ಕರೆದುದರಲ್ಲಿ ಸೂಕ್ಷ್ಮವಿದೆ. ಅತಿಚಾರವೆಂದರೆ ವ್ರತವು ಪೂರ್ತಿಯಾಗಿ ಮುರಿಯದಿದ್ದರೂ ಅದಕ್ಕೆ ತಗಲಿದ ಮಾಲಿನ್ಯ. ತೆರಿಗೆಯನ್ನು ತಪ್ಪಿಸಿದವನಿಗೆ ತಾನು ಕಳ್ಳನೆಂದು ಅನಿಸುವುದಿಲ್ಲ. ಆದುದರಿಂದಲೇ ಶಾಸ್ತ್ರವು ಅದನ್ನು ಹೆಸರಿಟ್ಟು ತೋರಿಸಬೇಕಾಯಿತು.

ಇನ್ನೂ ಸಮೀಪದ ಸಂಬಂಧವು ಪರಿಗ್ರಹಪರಿಮಾಣ ವ್ರತದಲ್ಲಿದೆ. ಇಷ್ಟೇ ಸಾಕೆಂದು ಶ್ರಾವಕನು ಎಲ್ಲೆ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ತನ್ನ ಮನೆಯ ಅಳತೆಯನ್ನು ತಾನೇ ನಿಜವಾಗಿ ಹೇಳಿಕೊಳ್ಳುವ ಅಭ್ಯಾಸವನ್ನು ಆಚಾರ್ಯರು ಬಹು ಹಿಂದೆಯೇ ಕಲಿಸಿದ್ದರು. ಸ್ವಯಂ ಘೋಷಣೆಯ ತೆರಿಗೆ ಪದ್ಧತಿಯು ಗೃಹಸ್ಥನಿಂದ ಕೇಳುವುದೂ ಅದನ್ನೇ. 1,200 ಚದರಡಿಯ ಮನೆಯನ್ನು 900 ಚದರಡಿಯೆಂದು ಬರೆದವನು ಪಂಚಾಯಿತಿಗೆ ಕಾಲುಭಾಗ ಕಡಿಮೆ ಕೊಡುವುದರ ಜೊತೆಗೆ ಸತ್ಯ, ಅಚೌರ್ಯ, ಪರಿಮಾಣವೆಂಬ ಮೂರು ವ್ರತಗಳಿಗೆ ಒಂದೇ ಸಹಿಯಿಂದ ಮಾಲಿನ್ಯ ತಂದುಕೊಳ್ಳುತ್ತಾನೆ. ಉಳಿತಾಯವಾದದ್ದು ಕೆಲವು ನೂರು ರೂಪಾಯಿ.

ಹೀಗೆಂದ ಮಾತ್ರಕ್ಕೆ ಕೇಳಿದಷ್ಟನ್ನು ಕೊಟ್ಟು ಸುಮ್ಮನಿರುವುದೇ ಧರ್ಮವೆಂದು ತಿಳಿಯಬಾರದು. ತಪ್ಪಾದ ಅಳತೆಯನ್ನು ಪ್ರಶ್ನಿಸುವುದು, ದರದ ಏರಿಕೆಗೆ ಕಾರಣ ಕೇಳುವುದು, ಅಶಕ್ತರ ಪರವಾಗಿ ಅರ್ಜಿ ಬರೆದುಕೊಡುವುದು ಇವೆಲ್ಲವೂ ಗೃಹಸ್ಥನ ಕರ್ತವ್ಯಗಳೇ. ಮಾಣಿಕಸೆಟ್ಟಿ ದೊರೆಯೆದುರಿಗೆ ಅಂಜದೆ ಮಾತನಾಡಿದನು. ಬುಸುವಿಸೆಟ್ಟಿ ಅರಸನವರೆಗೆ ಹೋದನು. ಇಂದು ಅಷ್ಟು ದೂರ ಹೋಗಬೇಕಾಗಿಲ್ಲ. ಪಂಚಾಯಿತಿಯ ಲೆಕ್ಕಪತ್ರಗಳನ್ನು ವರ್ಷಕ್ಕೊಮ್ಮೆ ಜನರ ಮುಂದಿಡುವ ಜಮಾಬಂದಿಯೆಂಬ ಏರ್ಪಾಡು ಕರ್ನಾಟಕದಲ್ಲಿದೆ, ಗ್ರಾಮಸಭೆಯಿದೆ. ಹಳ್ಳಿಯ ಜಮಾಬಂದಿಗೆ ಹೋಗಿ ಕುಳಿತುಕೊಳ್ಳುವ ಶ್ರಾವಕರು ಎಷ್ಟು ಮಂದಿಯೆಂದು ಪ್ರತಿಯೊಂದು ಊರಿನ ಸಮಾಜವೂ ತನ್ನನ್ನು ತಾನೇ ಕೇಳಿಕೊಳ್ಳಬಹುದು.

ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಕೆಲಸ ಇನ್ನೂ ಸರಳ. ಪೂಜೆಯ ಕಟ್ಟಡ ಯಾವುದು, ಬಾಡಿಗೆಯ ಕಟ್ಟಡ ಯಾವುದು ಎಂದು ಆಸ್ತಿಯ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಬರೆಯುವುದು. ಮೊದಲನೆಯದಕ್ಕೆ ಸಲ್ಲುವ ವಿನಾಯಿತಿಯನ್ನು ನಿಸ್ಸಂಕೋಚವಾಗಿ ಪಡೆಯುವುದು. ಎರಡನೆಯದಕ್ಕೆ ತೆರಿಗೆ ಕಟ್ಟಿ, ಆ ರಸೀತಿಯನ್ನು ವಾರ್ಷಿಕ ಲೆಕ್ಕದ ಜೊತೆಯಲ್ಲಿ ಬಸದಿಯ ಫಲಕಕ್ಕೆ ಹಚ್ಚುವುದು. 1368ರಲ್ಲಿ ಮನೆಗೊಂದು ಹಣದ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆಸಿ ನಿಲ್ಲಿಸಿದವರ ವಂಶಸ್ಥರಿಗೆ ಒಂದು ಕಾಗದವನ್ನು ಫಲಕಕ್ಕೆ ಹಚ್ಚುವುದು ಕಷ್ಟದ ಕೆಲಸವೇನಲ್ಲ. ದೇವನೂರಿನ ಬೀದಿಯಲ್ಲಾಗಲಿ ಬೆಳಗೊಳದ ಬೀದಿಯಲ್ಲಾಗಲಿ, ಮುಂದಿನ ಸಲ ಕರವಸೂಲಿಗಾರನು ಬಾಗಿಲಿಗೆ ಬಂದಾಗ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಕಳೆದ ವರ್ಷದ ಲೆಕ್ಕವೇನಾಯಿತೆಂದು ಕೇಳಿದರೆ, ಶ್ರಾವಕನು ಕೊಡುವ ಧರ್ಮವನ್ನೂ ಕೇಳುವ ಧರ್ಮವನ್ನೂ ಒಟ್ಟಿಗೆ ಪಾಲಿಸಿದಂತಾಗುವುದು.